ಹಂಗಾಮು ಮುಗಿದರೂ ಮುಕಾದಮ್ ಬಿಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನ ತಮ್ಮ ಮತ್ತು ಅವನ ಹೆಂಡತಿ, ಕೂಲಿಕಾರರನ್ನು ಕರೆದೊಯ್ಯುವ ಗುತ್ತಿಗೆದಾರನಾದ ಮುಕಾದಮ್‌ನಿಂದ 80 ಸಾವಿರ ರೂಪಾಯಿ ಮುಂಗಡ ಪಡೆದು, ನಮ್ಮ ತಾಂಡಾದಿಂದ ಮಹಾರಾಷ್ಟ್ರಕ್ಕೆ ಕಬ್ಬು ಕಟಾವಿಗೆ ಹೋದರು. ಕಾರ್ಖಾನೆ ನಿಂತು ತಿಂಗಳಾಯಿತು. ಇನ್ನೂ 45 ಸಾವಿರ ಬಾಕಿ ಇದೆ ಎಂದು ಅವರನ್ನು ಬೇರೊಂದು ಹೊಲದ ಕೆಲಸಕ್ಕೆ ಹಚ್ಚಿದ್ದಾನೆ. ಆಧಾರ್ ಕಾರ್ಡ್ ಅವನ ಬಳಿಯೇ ಇದೆ. ಬಾಂಡ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ. ಸಾಲ ತೀರಿಸದೆ ಬಿಡಿಸಿಕೊಳ್ಳಬಹುದೇ?
— ಓದುಗರೊಬ್ಬರು, ವಿಜಯಪುರ ಜಿಲ್ಲೆ

ಉತ್ತರ: ಬಿಡಿಸಿಕೊಳ್ಳಬಹುದು. ಆ ಹಣಕ್ಕಾಗಿ ಎತ್ತು ಮಾರುವುದಾಗಲಿ, ಬಡ್ಡಿಗೆ ತರುವುದಾಗಲಿ ದಯವಿಟ್ಟು ಮಾಡಬೇಡಿ. ಸಾಲದ ಹೆಸರಿನಲ್ಲಿ ಮನುಷ್ಯರನ್ನು ಹೋಗಗೊಡದೆ ದುಡಿಸಿಕೊಳ್ಳುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. 3 ವರ್ಷದವರೆಗೆ ಜೈಲು ಶಿಕ್ಷೆಯಿದೆ. ಅಂಥ ಸಾಲ ಕಾನೂನಿನ ಕಣ್ಣಿನಲ್ಲಿ ಸಾಲವೇ ಅಲ್ಲ. ಅದನ್ನು ವಸೂಲು ಮಾಡುವುದೂ ಅಪರಾಧ. ಹೆಬ್ಬೆಟ್ಟಿನ ಬಾಂಡ್‌ಗೆ ಹೆದರಬೇಡಿ. ಇದು ಜೀತದ ಸಾಲ ಎಂದು ನಿಮ್ಮ ತಮ್ಮ ಹೇಳಿದರೆ, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಸಾಲ ಕೊಟ್ಟವನದು.

ಆ 45 ಸಾವಿರ ಹೇಗೆ ಹುಟ್ಟಿತು ಎಂಬುದನ್ನೂ ನೋಡಿ. ಕೂಲಿ ಟನ್ನಿನ ಲೆಕ್ಕದಲ್ಲಿ. ತೂಕದ ಚೀಟಿ ಮುಕಾದಮ್‌ನ ಕೈಯಲ್ಲಿ. ಜ್ವರ ಬಂದು ಮಲಗಿದ ದಿನಕ್ಕೆ ದಂಡ. ಸಂತೆಗೆಂದು ಕೊಟ್ಟ ಚಿಲ್ಲರೆ ಹಣವೂ ಬಾಕಿಗೆ ಸೇರುತ್ತದೆ. ಲೆಕ್ಕ ಬರೆಯುವವನೂ ಸಾಲ ಕೊಟ್ಟವನೂ ಒಬ್ಬನೇ ಆಗಿರುವಾಗ ಬಾಕಿ ತೀರುವುದಾದರೂ ಹೇಗೆ?

"ಕಟ್ಟಿಹಾಕಿಲ್ಲವಲ್ಲ, ಜೀತ ಹೇಗಾಗುತ್ತದೆ?" ಎಂದು ಅಧಿಕಾರಿಗಳೇ ಕೇಳುವುದುಂಟು. 1982ರ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ನಿರ್ಮಾಣ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಾಗಿದೆ: ಬಡತನದ ಒತ್ತಡಕ್ಕೆ ಸಿಕ್ಕಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ.

ಅವರು ಈಗ ಇರುವ ಜಿಲ್ಲೆಯ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ, ಪ್ರತಿಯನ್ನು ವಿಜಯಪುರ ಜಿಲ್ಲಾಧಿಕಾರಿಗೂ ಸಲ್ಲಿಸಿ. ಊರು, ಹೊಲದ ಮಾಲೀಕ, ಮುಕಾದಮ್‌ನ ಹೆಸರು, ಜೊತೆಗಿರುವ ಮಕ್ಕಳು, ಎಲ್ಲವನ್ನೂ ಬರೆಯಿರಿ. ನಿಮ್ಮ ತಮ್ಮನ ಹೆಂಡತಿಯ ಹೆಸರನ್ನು ಮಾತ್ರ ಮರೆಯದೆ ಪ್ರತ್ಯೇಕವಾಗಿ ನಮೂದಿಸಿ. ಗಂಡ ಕಡಿದ ಕಬ್ಬಿನ ರವದಿ (ಒಣ ಎಲೆ) ಬಿಡಿಸಿ, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಹೇರುವವಳು ಅವಳು. ಆದರೂ ಗಂಡ ಹೆಂಡತಿ ಸೇರಿ ಒಂದೇ 'ಕೊಯ್ತಾ' (ಕುಡುಗೋಲು) ಎಂದು ಲೆಕ್ಕ ಹಿಡಿದು, ಮುಂಗಡವನ್ನು ಗಂಡನ ಹೆಸರಿಗೆ ಬರೆಯುತ್ತಾರೆ. ಅರ್ಜಿಯಲ್ಲೂ ಅವಳ ಹೆಸರು ಬಿಟ್ಟುಹೋದರೆ ಪರಿಹಾರವೂ ಕೈತಪ್ಪುತ್ತದೆ.

ಠಾಣೆಯಲ್ಲಿ ರಾಜಿ ಮಾಡಿಸಿ, ಬಸ್ಸು ಹತ್ತಿಸಿ ಕಳುಹಿಸುತ್ತೇವೆ ಎಂದರೆ ಒಪ್ಪಬೇಡಿ. ಜೀತದಿಂದ ಮುಕ್ತರಾದರೆಂದು ಜಿಲ್ಲಾಡಳಿತ ಕೊಡುವ ಬಿಡುಗಡೆ ಪ್ರಮಾಣಪತ್ರವನ್ನು ಇಬ್ಬರಿಗೂ ಬೇರೆ ಬೇರೆ ಕೇಳಿ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವಾಗಿ ತಲಾ 30 ಸಾವಿರ ರೂಪಾಯಿವರೆಗೆ ಸಿಗುತ್ತದೆ. ಉಳಿದ ದೊಡ್ಡ ಮೊತ್ತಕ್ಕೂ ಆ ಪತ್ರವೇ ಆಧಾರ.

ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ, ಸಹಾಯವಾಣಿ 15100. ಅಧಿಕಾರಿಗಳು ಸ್ಥಳಕ್ಕೆ ಹೋಗುವವರೆಗೆ ಮುಕಾದಮ್‌ಗೆ ಸುಳಿವು ಕೊಡಬೇಡಿ. ರಾತ್ರೋರಾತ್ರಿ ಬೇರೆ ಜಿಲ್ಲೆಗೆ ಸಾಗಿಸಿಬಿಟ್ಟರೆ ಹುಡುಕುವುದು ಕಷ್ಟವಾಗುತ್ತದೆ.