ಅಲಾರಂ ‘ಆಫ್’ ಆದರೆ ಹೊಡೆಯುವುದು ಹೇಗೆ?

ಪ್ರಶ್ನೆ: ಮಗಳು ಏಳನೇ ಕ್ಲಾಸು. ಪರೀಕ್ಷೆಯಲ್ಲಿ ‘ದಿ ಅಲಾರಂ ವೆಂಟ್ ಆಫ್’ ಅನ್ನುವುದಕ್ಕೆ ‘ಅಲಾರಂ ನಿಂತಿತು’ ಅಂತ ಬರೆದು ಮಾರ್ಕ್ಸ್ ಕಳೆದುಕೊಂಡಳು. ‘ಲೈಟ್ ವೆಂಟ್ ಆಫ್’ ಅಂದರೆ ಲೈಟ್ ಹೋಯಿತು, ಅಲಾರಂ ಮಾತ್ರ ಹೊಡೆಯುವುದು ಹೇಗೆ ಅಂತ ಕೇಳುತ್ತಾಳೆ. ನನಗೂ ತಿಳಿಯಲಿಲ್ಲ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ದಯವಿಟ್ಟು ಅವಳನ್ನು ಬೈಯಬೇಡಿ. ಅವಳು ಯೋಚನೆ ಮಾಡಿಯೇ ಬರೆದಿದ್ದಾಳೆ. ‘ಆನ್’, ‘ಆಫ್’ ಎರಡನ್ನೂ ನಾವು ಕಲಿತದ್ದು ಸ್ವಿಚ್ಚಿನಿಂದ, ಅಲ್ವಾ? ತೊಡಕು ಅಲ್ಲೇ ಇದೆ. ಸ್ವಿಚ್ಚು ಬರುವುದಕ್ಕೆ ನೂರಾರು ವರ್ಷ ಮೊದಲೇ ಈ ಪದಗಳಿದ್ದವು.

‘ಆಫ್’ ಅಂದರೆ ಮೂಲದಲ್ಲಿ ‘ನಿಲ್ಲು’ ಅಲ್ಲ, ‘ಬಿಟ್ಟು ದೂರ ಹೋಗು’. ಒಂದು ಎಫ್ ಇರುವ ‘of’, ಎರಡು ಎಫ್ ಇರುವ ‘off’ ಹಿಂದೆ ಒಂದೇ ಪದವಾಗಿದ್ದವು. ಒತ್ತಿ ಹೇಳುವ ರೂಪ ಆಮೇಲೆ ‘off’ ಆಗಿ ಬೇರೆಯಾಯಿತು.

ನಮ್ಮ ‘ಬಿಡು’ ನೋಡಿ. ‘ಮಳೆ ಬಿಟ್ಟಿತು’ ಅಂದರೆ ನಿಂತಿತು. ‘ಬಸ್ಸು ಬಿಟ್ಟಿತು’ ಅಂದರೆ ಹೊರಟಿತು. ‘ಸ್ಕೂಲು ಬಿಟ್ಟಿತು’ ಅಂದರೆ ಮುಗಿಯಿತು. ‘ಭದ್ರಾ ನಾಲೆಗೆ ನೀರು ಬಿಟ್ಟರು’ ಅಂದರೆ ಹರಿಯಲು ಶುರುವಾಯಿತು. ಒಂದೇ ಪದ, ನಾವು ಒಮ್ಮೆಯೂ ತಬ್ಬಿಬ್ಬಾಗುವುದಿಲ್ಲ. ಇಂಗ್ಲಿಷಿನವರಿಗೆ ‘ಆಫ್’ ಹೀಗೆಯೇ.

ಚಿತ್ರದುರ್ಗದ ಕೋಟೆಯಲ್ಲಿ ಬಂದೂಕಿನ ಮದ್ದು ಬೀಸುವ ದೊಡ್ಡ ಕಲ್ಲುಗಳಿವೆ, ಮಗಳಿಗೆ ತೋರಿಸಿ. ಅಂಥ ಮದ್ದಿಗೆ ಕಿಡಿ ತಾಗಿದರೆ ಗುಂಡು ಬಂದೂಕನ್ನು ಬಿಟ್ಟು ಹಾರುತ್ತದೆ. ಅದಕ್ಕೇ ‘ಗನ್ ವೆಂಟ್ ಆಫ್’. ಕೀಲಿ ಕೊಡುವ ಅಲಾರಂ ಗಡಿಯಾರದಲ್ಲೂ ಹೊತ್ತಾದಾಗ ತಡೆ ಸರಿಯುತ್ತದೆ, ಬಿಗಿದ ಸ್ಪ್ರಿಂಗ್ ಬಿಚ್ಚಿಕೊಂಡು ಗಂಟೆ ಹೊಡೆಯುತ್ತದೆ. ಲೈಟಿನಲ್ಲಿ ಬೆಳಕೇ ಬಿಟ್ಟುಹೋಗುತ್ತದೆ. ಮಂಡಿಪೇಟೆ ಅಂಗಡಿಯ ‘20 ಪರ್ಸೆಂಟ್ ಆಫ್’ ಬೋರ್ಡಿನಲ್ಲಿ ಬೆಲೆಯಿಂದ ಅಷ್ಟು ಬಿಟ್ಟುಕೊಡುತ್ತಾರೆ. ‘ಐ ಆಮ್ ಆಫ್’ ಅಂದರೆ ‘ನಾನು ಹೊರಟೆ’. ಹಾಲು ಕೆಟ್ಟರೂ ‘ಆಫ್’ ಅನ್ನುತ್ತಾರೆ.

‘ಆನ್’ ಇದಕ್ಕೆ ಉಲ್ಟಾ, ತಾಗಿಕೊಂಡಿರುವುದು. ಪುಸ್ತಕ ಮೇಜಿನ ‘ಆನ್’. ಬಿಡದೆ ಮುಂದುವರಿಯುವುದೂ ಅದೇ: ‘ಗೋ ಆನ್’ ಅಂದರೆ ‘ಹೂಂ, ಮುಂದೆ ಹೇಳು’.

ಆದರೆ ಒಂದು ಎಚ್ಚರ ಬೇಕು. ‘ಟರ್ನ್ ಆಫ್’ ಬಂದರೆ ಅಲಾರಂಗೂ ‘ನಿಲ್ಲಿಸು’ ಅಂತಲೇ ಅರ್ಥ. ಮಗಳ ನೋಟ್‌ಬುಕ್ಕಿನಲ್ಲಿ ಈ ಒಂದು ವಾಕ್ಯ ಬರೆಸಿಡಿ: ‘ದಿ ಅಲಾರಂ ವೆಂಟ್ ಆಫ್, ಸೋ ಐ ಟರ್ನ್ಡ್ ಇಟ್ ಆಫ್.’ ಅಲಾರಂ ಹೊಡೆಯಿತು, ಅದಕ್ಕೆ ನಿಲ್ಲಿಸಿದೆ.