ಸಂಪಾದಕರ ಉತ್ತರ: ಮಂಜುಗಡ್ಡೆ ಕೈತಪ್ಪಿದ ದಿನಗಳು

ಮಾನ್ಯರೆ,

ಉಕ್ರೇನಿನ ಫಿಗರ್ ಸ್ಕೇಟರ್ ಇವಾನ್ ಶ್ಮುರಾಟ್ಕೊ ಅವರನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ಹಾವೇರಿಯಿಂದ ನೀವು ಬರೆದ ಪತ್ರ ಕೈಸೇರಿದೆ. ಅದರ ಸಾರಾಂಶ ಇಷ್ಟು: 2022ರ ಮಾರ್ಚ್ 1ರಂದು ನಿಮ್ಮ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ನಗರದಲ್ಲಿ ದಿನಸಿ ತರಲೆಂದು ಹೊರಗೆ ಬಂದವನು ಶೆಲ್ ದಾಳಿಗೆ ಬಲಿಯಾದ, ಅದೇ ತಿಂಗಳು ಆ ದೇಶದ ಇಪ್ಪತ್ತರ ಹುಡುಗನೊಬ್ಬ ಫ್ರಾನ್ಸಿಗೆ ಓಡಿಹೋಗಿ ‘ಮಂಜಿನ ಮೇಲೆ ಕುಣಿದ’, ಪದಕವೂ ಬರಲಿಲ್ಲ, ಅವನಿಗೆ ನಾಲ್ಕು ಪುಟ ಏಕೆ? ಯುದ್ಧ ಅವನ ವೃತ್ತಿಯನ್ನು ಕಸಿಯಿತೆಂಬ ನಮ್ಮ ಮಾತು ಅತಿಯಾಯಿತು, ನಿಜವಾದ ಪ್ರತಿಭೆ ಇದ್ದಿದ್ದರೆ ಬೇರೊಂದು ದೇಶದ ಪರವಾಗಿ ಸ್ಪರ್ಧಿಸಿ ಗೆಲ್ಲಬಹುದಿತ್ತು ಎಂದೂ ಬರೆದಿದ್ದೀರಿ. ಪತ್ರದಲ್ಲಿ ಸಿಟ್ಟಿದೆ, ಆದರೆ ಅದು ನೆರೆಮನೆಯ ಸಾವನ್ನು ಕಂಡವರ ಸಿಟ್ಟಾದ್ದರಿಂದ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವುದು ಸರಿಯೆನಿಸಲಿಲ್ಲ.

ಮೊದಲು ‘ಓಡಿಹೋದ’ ಎಂಬ ಮಾತು. ಶ್ಮುರಾಟ್ಕೊ ಆ ವರ್ಷದ ಫೆಬ್ರುವರಿಯಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿದ್ದರು. ಅಲ್ಲಿಗೆ ತಲುಪಿದಾಗ ಕೋವಿಡ್ ಪರೀಕ್ಷೆಯಲ್ಲಿ ಸೋಂಕು ಕಂಡುಬಂದು ತಂಡ ಸ್ಪರ್ಧೆಯನ್ನು ಕಳೆದುಕೊಂಡರು, ಆಮೇಲೆ ವೈಯಕ್ತಿಕ ವಿಭಾಗದಲ್ಲಿ ಸ್ಪರ್ಧಿಸಿದರು. ಕ್ರೀಡಾಕೂಟ 20ಕ್ಕೆ ಮುಗಿಯಿತು, 24ರ ಬೆಳಗಿನ ಜಾವ ಅವರ ಊರಾದ ಕೀವ್ ಮೇಲೆ ಕ್ಷಿಪಣಿಗಳು ಬಿದ್ದವು. ಅಂದೇ ಜಾರಿಗೆ ಬಂದ ಸೇನಾಡಳಿತದ ನಿಯಮದ ಪ್ರಕಾರ 18ರಿಂದ 60 ವರ್ಷದೊಳಗಿನ ಗಂಡಸರು ದೇಶದ ಗಡಿ ದಾಟುವಂತಿರಲಿಲ್ಲ. ರಾಷ್ಟ್ರೀಯ ತಂಡದ ಕ್ರೀಡಾಪಟು ಹೊರಗೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕಿತ್ತು. ಶ್ಮುರಾಟ್ಕೊ ಹೋದದ್ದು ಆ ದಾರಿಯಲ್ಲಿ, ಉಕ್ರೇನಿನ ಹೆಸರಿನಲ್ಲಿಯೇ ಸ್ಪರ್ಧಿಸಲು. ತಲೆತಪ್ಪಿಸಿಕೊಂಡು ಹೋಗುವವರು ತಮ್ಮ ದೇಶದ ಹೆಸರನ್ನು ಎದೆಯ ಮೇಲೆ ಹಾಕಿಕೊಂಡು ಸಾವಿರಾರು ಜನರ ಮುಂದೆ, ಟೀವಿ ಕ್ಯಾಮೆರಾಗಳ ಮುಂದೆ ನಿಲ್ಲುವುದಿಲ್ಲ.

ಎದೆಯ ಮೇಲೆ ಎಂದದ್ದು ಅಲಂಕಾರಕ್ಕಲ್ಲ. ಫ್ರಾನ್ಸಿನ ಮೊಂಪೆಲಿಯೆ ನಗರದಲ್ಲಿ ಮಾರ್ಚ್ 21ರಿಂದ 27ರವರೆಗೆ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ನಮ್ಮ ಯಕ್ಷಗಾನದಲ್ಲಿ ವೇಷ ಕಟ್ಟದೆ ರಂಗಕ್ಕೆ ಬರುವುದು ಹೇಗೋ, ಫಿಗರ್ ಸ್ಕೇಟಿಂಗ್‌ನಲ್ಲಿ ಮಿರುಗುವ ಪೋಷಾಕು ಇಲ್ಲದೆ ಅಂಕಣಕ್ಕೆ ಇಳಿಯುವುದು ಹಾಗೆ. ಶ್ಮುರಾಟ್ಕೊ ಮೊದಲ ಸುತ್ತಾದ ಶಾರ್ಟ್ ಪ್ರೋಗ್ರಾಂಗೆ ಇಳಿದದ್ದು ಉಕ್ರೇನ್ ತಂಡದ ಟಿ-ಶರ್ಟ್ ಮತ್ತು ಅಭ್ಯಾಸದ ಪ್ಯಾಂಟಿನಲ್ಲಿ. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸುತ್ತಾದ ಫ್ರೀ ಸ್ಕೇಟ್‌ಗೆ ಅವರು ಇಳಿಯಲಿಲ್ಲ. ಜೋಡಿ ನೃತ್ಯ ವಿಭಾಗದ ಒಲೆಕ್ಸಾಂಡ್ರಾ ನಜಾರೊವಾ ಮತ್ತು ಮಕ್ಸಿಮ್ ನಿಕಿಟಿನ್ ಕೂಡ ಅದೇ ಕೂಟದಲ್ಲಿ ಟಿ-ಶರ್ಟ್ ತೊಟ್ಟು ಮೊದಲ ಸುತ್ತು ಆಡಿ ಹಿಂದೆ ಸರಿದರು. ಅವರಿಬ್ಬರೂ ಖಾರ್ಕಿವ್‌ನವರು ಎಂಬುದನ್ನು ನಿಮಗೆ ವಿಶೇಷವಾಗಿ ತಿಳಿಸಬೇಕು.

ಹಿಂದೆ ಸರಿದದ್ದನ್ನು ಸೋಲೆಂದು ಓದುವುದಕ್ಕೆ ಮುಂಚೆ ಈ ಆಟದ ಮೈಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನೀವು ‘ಕುಣಿತ’ ಎಂದಿರಿ. ತಪ್ಪು ನಿಮ್ಮದಲ್ಲ, ನಮ್ಮ ಚಿತ್ರದ ಅಡಿಬರಹವೇ ‘ಹಿಮನೃತ್ಯ’ ಎಂದು ಬೇರೊಂದು ವಿಭಾಗದ ಹೆಸರನ್ನು ಹಾಕಿತ್ತು. ಶ್ಮುರಾಟ್ಕೊ ಅವರದು ಜಿಗಿತ ಪ್ರಧಾನವಾದ ಪುರುಷರ ಸಿಂಗಲ್ಸ್. ಸ್ಕೇಟ್‌ನ ಅಲಗಿನ ದಪ್ಪ ಸುಮಾರು ನಾಲ್ಕು ಮಿಲಿಮೀಟರ್. ಅದರ ನಡುವೆ ಸಣ್ಣ ತೋಡು ಇರುವುದರಿಂದ ಅಲಗಿಗೆ ಒಳ ಅಂಚು, ಹೊರ ಅಂಚು ಎಂದು ಎರಡು ಬಾಯಿ. ಆಟಗಾರ ಗಾಳಿಗೆ ನೆಗೆದು, ಒಂದು ಸೆಕೆಂಡಿಗಿಂತಲೂ ಕಡಿಮೆ ಸಮಯದಲ್ಲಿ ಮೂರೋ ನಾಲ್ಕೋ ಸುತ್ತು ತಿರುಗಿ, ಬೆನ್ನಮುಖವಾಗಿ ಜಾರುತ್ತಾ ಹೊರ ಅಂಚಿನ ಮೇಲೆ ಒಂಟಿ ಕಾಲಿನಲ್ಲಿ ಇಳಿಯಬೇಕು. ಇದು ಓದಿ ನೆನಪಿಟ್ಟುಕೊಳ್ಳುವ ವಿದ್ಯೆಯಲ್ಲ, ದಿನದಿನವೂ ಮೈಗೆ ಹೇಳಿಕೊಡಬೇಕಾದದ್ದು. ಓಟಗಾರನಿಗೆ ರಸ್ತೆ ಸಾಕು, ಕುಸ್ತಿಪಟು ಎಲ್ಲಿಯಾದರೂ ಬಸ್ಕಿ ಹೊಡೆಯಬಹುದು. ಸ್ಕೇಟರ್‌ಗೆ ಮಾತ್ರ ಉದ್ದ 60 ಮೀಟರ್, ಅಗಲ 30 ಮೀಟರಿನ, ಹಗಲೂ ರಾತ್ರಿ ವಿದ್ಯುತ್ತಿನಿಂದ ತಣ್ಣಗಿಟ್ಟ ಮಂಜುಗಡ್ಡೆಯೇ ಬೇಕು. ಬಾಂಬ್ ಆಶ್ರಯತಾಣದಲ್ಲಿ ಅದು ಸಿಗುವುದಿಲ್ಲ. ಮೊಂಪೆಲಿಯೆಗೆ ಬರುವ ಮುಂಚೆ ಯುದ್ಧ ಅವರ ಮಂಜುಗಡ್ಡೆಯ ದಿನಗಳನ್ನು ನುಂಗಿತ್ತು. ಅಂಕಪಟ್ಟಿಯಲ್ಲಿ ಆ ದಿನಗಳಿಗೆ ಕಾಲಂ ಇಲ್ಲ. ‘ಕಸಿಯಿತು’ ಎಂಬ ಪದವನ್ನು ನಾವು ಬಳಸಿದ್ದು ಈ ಅರ್ಥದಲ್ಲಿ, ಅದನ್ನು ಹಿಂತೆಗೆದುಕೊಳ್ಳುವ ಕಾರಣ ನನಗೆ ಕಾಣುತ್ತಿಲ್ಲ.

ಆ ಬಳಿಕದ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. 2022ರ ಅಕ್ಟೋಬರ್‌ನಿಂದ ರಷ್ಯಾ ವಿದ್ಯುತ್ ಜಾಲದ ಮೇಲೆ ಸರಣಿ ದಾಳಿ ನಡೆಸಿತು. ಕರೆಂಟಿಲ್ಲದ ಊರಿನಲ್ಲಿ ಮಂಜುಗಡ್ಡೆ ಉಳಿಸಿಕೊಳ್ಳುವುದೆಂತು? 2023ರ ಜನವರಿಯ ಆರಂಭದಲ್ಲಿ ಡೊನೆಟ್ಸ್ಕ್ ಪ್ರಾಂತ್ಯದ ದ್ರುಜ್ಕಿವ್ಕಾದಲ್ಲಿ ‘ಅಲ್ಟಾಯರ್’ ಐಸ್ ಅರೀನಾ ಕ್ಷಿಪಣಿಗೆ ನೆಲಸಮವಾಯಿತು. 2024ರ ಸೆಪ್ಟೆಂಬರ್ 1ರಂದು ಖಾರ್ಕಿವ್‌ನ ‘ಕ್ರೀಡಾ ಅರಮನೆ’ ಎಂಬ ಒಳಾಂಗಣ ಕ್ರೀಡಾಂಗಣಕ್ಕೆ ಏಟು ಬಿತ್ತು. ಹೀಗಾಗಿ ಹೊರದೇಶದ ಅಂಕಣಗಳಲ್ಲಿ ನೆಲೆ ಹುಡುಕುವುದು ಒಂದಿಡೀ ಪೀಳಿಗೆಯ ಪಾಡಾಯಿತು. ಅವರಲ್ಲೊಬ್ಬರಾದ ಕಿರಿಲೊ ಮಾರ್ಸಾಕ್ 2004ರಲ್ಲಿ ಖೆರ್ಸನ್‌ನಲ್ಲಿ ಹುಟ್ಟಿದವರು. ಆ ಊರು 2022ರ ಮಾರ್ಚ್ ಮೊದಲ ವಾರದಿಂದ ನವೆಂಬರ್ 11ರವರೆಗೆ ರಷ್ಯಾದ ವಶದಲ್ಲಿತ್ತು. ತಂದೆ ಸೇನೆಯಲ್ಲಿ, ಮಗ ಫಿನ್ಲೆಂಡಿನಲ್ಲಿ. ಹದಿನೇಳರಿಂದ ಇಪ್ಪತ್ತೊಂದರವರೆಗಿನ ವಯಸ್ಸು ಈ ಆಟದಲ್ಲಿ ಜಿಗಿತಗಳು ಮೈಗೂಡುವ ಕಾಲ. ಮಾರ್ಸಾಕ್ ಅದನ್ನು ಕಳೆದದ್ದು ಹೀಗೆ. 2026ರಲ್ಲಿ ಅವರು ಮಿಲಾನ್ ಒಲಿಂಪಿಕ್ಸ್‌ನಲ್ಲಿ ಉಕ್ರೇನ್ ಪರವಾಗಿ ಸ್ಪರ್ಧಿಸಿದರು.

ಬೇರೆ ದೇಶದ ಪರವಾಗಿ ಆಡಬಹುದಿತ್ತಲ್ಲ ಎಂಬ ಪ್ರಶ್ನೆಗೆ ನಿಯಮವೇ ಅರ್ಧ ಉತ್ತರ ಕೊಡುತ್ತದೆ. ಹಿಂದಿನ ದೇಶದ ಸಂಸ್ಥೆ ಬಿಡುಗಡೆ ಪತ್ರ ಕೊಡಬೇಕು, ಆ ದೇಶದ ಪರವಾಗಿ ಆಡಿದ ಕೊನೆಯ ಸ್ಪರ್ಧೆಯಿಂದ ಹನ್ನೆರಡು ತಿಂಗಳು ಕಾಯಬೇಕು, ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಹೊಸ ದೇಶದ ಪೌರತ್ವವೂ ಬೇಕು. ವಯಸ್ಸು ಓಡುತ್ತಿರುವವರಿಗೆ ಇದು ಸಣ್ಣ ಬೆಲೆಯಲ್ಲ. ಉಳಿದರ್ಧ ಅವರ ಮನಸ್ಸಿಗೆ ಬಿಟ್ಟದ್ದು. ಉಕ್ರೇನಿನ ಸ್ಕೇಟರ್‌ಗಳು ಹಿಂದೆ ಊರು ಬಿಟ್ಟದ್ದಿಲ್ಲವೆಂದಲ್ಲ: ಸ್ವತಂತ್ರ ಉಕ್ರೇನಿಗೆ ಮೊದಲ ಒಲಿಂಪಿಕ್ ಚಿನ್ನವನ್ನು 1994ರಲ್ಲಿ ನಾರ್ವೆಯ ಲಿಲ್ಲೆಹಾಮರ್‌ನಲ್ಲಿ ಗೆದ್ದ, ಆಗ ಹದಿನಾರರ ಒಕ್ಸಾನಾ ಬಯೂಲ್ ಮುಂದೆ ಅಮೆರಿಕದಲ್ಲಿ ನೆಲೆಸಿದರು. ಆದರೆ ಅವರು ಚಿನ್ನ ಗೆದ್ದ ಮೇಲೆ, ತಾವಾಗಿ ಹೋದವರು.

ಇನ್ನು ನಿಮ್ಮ ಪತ್ರದ ನಿಜವಾದ ನೋವಿಗೆ ಬರುತ್ತೇನೆ. ನಿಮ್ಮ ಜಿಲ್ಲೆಯ ವಿದ್ಯಾರ್ಥಿ ತೀರಿಕೊಂಡ ಅದೇ ಮಾರ್ಚ್ 1ರಂದೇ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ರಷ್ಯಾ ಮತ್ತು ಬೆಲಾರೂಸ್‌ನ ಸ್ಕೇಟರ್‌ಗಳನ್ನು ತನ್ನ ಸ್ಪರ್ಧೆಗಳಿಂದ ಹೊರಗಿಟ್ಟಿತು. ನಾಲ್ಕು ವರ್ಷ ಕಳೆದು ಮಿಲಾನ್‌ನಲ್ಲಿ ಅವರಲ್ಲಿ ಕೆಲವರು ದೇಶದ ಹೆಸರು, ಬಾವುಟ ಇಲ್ಲದೆ ತಟಸ್ಥರೆಂಬ ಹೆಸರಿನಲ್ಲಿ ಮಾರ್ಸಾಕ್ ಇಳಿದ ಅಂಕಣಕ್ಕೇ ಇಳಿದರು. ಕ್ರೀಡೆ ಯುದ್ಧಕ್ಕಿಂತ ದೊಡ್ಡದೆಂಬ ಮಾತನ್ನು ನಮ್ಮ ಲೇಖನ ಕೊನೆಯ ಪ್ಯಾರಾದಲ್ಲಿ ಸುಲಭವಾಗಿ ಆಡಿಬಿಟ್ಟಿತ್ತು. ಅದನ್ನು ತಿದ್ದುವ ಹೊತ್ತಿನಲ್ಲಿ ನಾನು ಎಚ್ಚರ ತಪ್ಪಿದ್ದೆ. ನೀವು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಕಳಿಸಿದ್ದು ಸರಿಯಾಗಿಯೇ ಇದೆ.

ನಮ್ಮ ಲೇಖನದಲ್ಲಿ ಇರಬೇಕಿದ್ದೂ ಇಲ್ಲದೆ ಹೋದ ಹೆಸರು ದ್ಮಿತ್ರೊ ಶರ್ಪಾರ್. ಅವರೂ ಖಾರ್ಕಿವ್‌ನ ಫಿಗರ್ ಸ್ಕೇಟರ್, 2016ರಲ್ಲಿ ಲಿಲ್ಲೆಹಾಮರ್‌ನ ಯುವ ಒಲಿಂಪಿಕ್ಸ್‌ನಲ್ಲಿ ಜೋಡಿ ವಿಭಾಗದಲ್ಲಿ ಉಕ್ರೇನ್ ಪರವಾಗಿ ಸ್ಪರ್ಧಿಸಿದವರು. 2023ರ ಜನವರಿಯಲ್ಲಿ ಪೂರ್ವ ಉಕ್ರೇನಿನ ಬಾಖ್ಮುತ್ ಬಳಿಯ ಯುದ್ಧದಲ್ಲಿ ಮಡಿದಾಗ ಅವರಿಗೆ ಇಪ್ಪತ್ತೈದು. ಕಂದಕದಲ್ಲಿದ್ದವರು ಬೇರೆ, ಮಂಜಿನ ಮೇಲಿದ್ದವರು ಬೇರೆ ಎಂದು ನೀವು ವಿಂಗಡಿಸಿದ್ದೀರಿ; ಅವರೆಲ್ಲ ಒಂದೇ ಅಂಕಣಗಳಲ್ಲಿ ಬೆಳೆದವರು. 2026ರ ಫೆಬ್ರುವರಿಯಲ್ಲಿ ಮಿಲಾನ್ ಒಲಿಂಪಿಕ್ಸ್‌ನ ಇನ್ನೊಂದು ತಾಣವಾದ ಕೊರ್ಟೀನಾದಲ್ಲಿ ಉಕ್ರೇನಿನ ಸ್ಕೆಲಿಟನ್ (ಪುಟ್ಟ ಜಾರುಬಂಡಿಯಲ್ಲಿ ತಲೆ ಮುಂದಾಗಿ ಮಲಗಿ ಮಂಜಿನ ಇಳಿಜಾರಿನಲ್ಲಿ ಜಾರುವ ಆಟ) ಸ್ಪರ್ಧಿ ವ್ಲಾದಿಸ್ಲಾವ್ ಹೆರಾಸ್ಕೆವಿಚ್ ಯುದ್ಧದಲ್ಲಿ ಸತ್ತ ಕ್ರೀಡಾಪಟುಗಳ ಮುಖಗಳನ್ನು ಬರೆಸಿದ ಹೆಲ್ಮೆಟ್ ತೊಟ್ಟು ಬಂದರು. ಬದಲಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಬಹುದೆಂಬ ಸಲಹೆಯನ್ನು ಒಪ್ಪದೆ, ಹೆಲ್ಮೆಟ್ ತೆಗೆಯದೆ, ಸ್ಪರ್ಧೆಯಿಂದಲೇ ಅನರ್ಹರಾದರು. ಆ ಮುಖಗಳಲ್ಲಿ ಶರ್ಪಾರ್ ಅವರದೂ ಒಂದಿತ್ತು. ಇಬ್ಬರೂ ಹದಿಹರೆಯದಲ್ಲಿ ಅದೇ ಲಿಲ್ಲೆಹಾಮರ್ ತಂಡದಲ್ಲಿದ್ದವರು.

ಅಡಿಬರಹದ ತಪ್ಪಿಗೆ ತಿದ್ದುಪಡಿಯನ್ನು ಇದೇ ಸಂಚಿಕೆಯ ಪತ್ರಗಳ ಪುಟದಲ್ಲಿ ಕೊಟ್ಟಿದ್ದೇವೆ.

— ಸಂಪಾದಕ