ಗ್ರೋವರ್‌ಗಿಂತ ವೇಗದ ಕ್ವಾಂಟಂ ಹುಡುಕಾಟ ಬರೋದೇ ಇಲ್ಲ ಅಂತ ಅಷ್ಟು ಧೈರ್ಯವಾಗಿ ಹೇಗೆ ಹೇಳ್ತಾರೆ?

ನೀವು ಕೇಳಿರೋದು ಎರಡು ವಿಷಯ. 10 ಲಕ್ಷ ಪೆಟ್ಟಿಗೆಗಳಲ್ಲಿ ಒಂದರಲ್ಲಿ ಮಾತ್ರ ಗುರುತಿದ್ದರೆ ಗ್ರೋವರ್ ಅನ್ನುವ ಕ್ವಾಂಟಂ ಹುಡುಕಾಟದ ಅಲ್ಗಾರಿದಂ 'ಇಲ್ಲಿ ಗುರುತಿದೆಯಾ' ಅಂತ ಸಾವಿರದೊಳಗೇ ಪ್ರಶ್ನೆ ಕೇಳಿ ಅದನ್ನು ಹಿಡಿಯುತ್ತದೆ, ಸರಿ, ಆದರೆ ಇದಕ್ಕಿಂತ ಚುರುಕಾದದ್ದು ಮುಂದೆಂದೂ ಬರುವುದಿಲ್ಲ ಅಂತ ಹೇಗೆ ಹೇಳುತ್ತಾರೆ, ಇನ್ನೂ ಹುಟ್ಟದ ಅಲ್ಗಾರಿದಂಗಳನ್ನೆಲ್ಲ ಯಾರು ಪರೀಕ್ಷೆ ಮಾಡಿದ್ದಾರೆ? ಇದು ಮೊದಲನೆಯದು. ಒಂದು ಮೆಷಿನ್ ಸಾಲದಿದ್ದರೆ ನೂರು ಮೆಷಿನ್ ಹಾಕಿದರಾಯ್ತಲ್ಲ ಅನ್ನೋದು ಎರಡನೆಯದು.

ಯಾರೂ ಪರೀಕ್ಷೆ ಮಾಡಿಲ್ಲ. ಮಾಡುವ ಅಗತ್ಯವೂ ಇಲ್ಲ. ಇದಕ್ಕೊಂದು ಪ್ರೂಫ್ ಇದೆ, ಅಲ್ಗಾರಿದಂ ಹೊಟ್ಟೆಯೊಳಗೆ ಏನಿದೆ ಅಂತ ಅದು ಇಣುಕಿಯೂ ನೋಡುವುದಿಲ್ಲ. ಅಲ್ಗಾರಿದಂ ಎಷ್ಟು ಸಲ ಪೆಟ್ಟಿಗೆಗಳ ಬಗ್ಗೆ ಕೇಳುತ್ತದೆ ಅನ್ನುವುದನ್ನು ಮಾತ್ರ ಲೆಕ್ಕ ಇಡುತ್ತದೆ.

ಮೊದಲು ಮಾಮೂಲಿ ಕಂಪ್ಯೂಟರ್ ತೆಗೆದುಕೊಳ್ಳಿ. ಗುರುತು ಇದೆಯೋ ಇಲ್ಲವೋ ಅಂತ ನೂರೇ ಪ್ರಶ್ನೆಯಲ್ಲಿ ಹೇಳುತ್ತೇನೆ ಅಂತ ಒಂದು ಪ್ರೋಗ್ರಾಂ ಜಂಬ ಕೊಚ್ಚುತ್ತಿದೆ ಅಂದುಕೊಳ್ಳಿ. ಎಲ್ಲೂ ಗುರುತೇ ಇಲ್ಲದ ಖಾಲಿ ಸಾಲಿನ ಮೇಲೆ ಅದನ್ನು ಓಡಿಸಿ. ಅದು 100 ಪೆಟ್ಟಿಗೆ ತೆರೆಯುತ್ತದೆ, 9,99,900 ಮುಟ್ಟದೇ ಉಳಿಯುತ್ತವೆ. ಈಗ ಆ ಮುಟ್ಟದವುಗಳಲ್ಲಿ ಒಂದರೊಳಗೆ ಗುರುತು ಇಟ್ಟು ಮತ್ತೆ ಓಡಿಸಿ. ಪ್ರೋಗ್ರಾಂಗೆ ಎರಡೂ ಸಲ ಕಂಡದ್ದು ಒಂದೇ, ಹಾಗಾಗಿ ಉತ್ತರವೂ ಒಂದೇ. ಎರಡರಲ್ಲಿ ಒಂದು ಉತ್ತರ ತಪ್ಪಾಗಲೇಬೇಕು. ಕಥೆ ಮುಗೀತು.

ಕ್ವಾಂಟಂ ಅಂದ ತಕ್ಷಣ ಇದು ಕುಸಿಯುತ್ತದೆ ಅಂತ ನಾನು ಬಹಳ ದಿನ ನಂಬಿದ್ದೆ. ಯಾಕೆಂದರೆ ಕ್ವಾಂಟಂ ಪ್ರಶ್ನೆ ಒಂದೇ ಏಟಿಗೆ ಎಲ್ಲ 10 ಲಕ್ಷ ಪೆಟ್ಟಿಗೆಗಳನ್ನೂ ಮುಟ್ಟಬಹುದು. ಮುಟ್ಟದ ಪೆಟ್ಟಿಗೆ ಅಂತ ಒಂದೂ ಉಳಿಯದಿದ್ದರೆ ಗುರುತು ಎಲ್ಲಿ ಬಚ್ಚಿಡುವುದು? ನಾನು ಕೇಳಬೇಕಿದ್ದ ಪ್ರಶ್ನೆ ಬೇರೆ: ಮುಟ್ಟಿತೇ ಅಂತಲ್ಲ, ಎಷ್ಟು ಗಟ್ಟಿಯಾಗಿ ಮುಟ್ಟಿತು ಅಂತ.

ಪ್ರತಿ ಪ್ರಶ್ನೆಯಲ್ಲೂ ಒಂದೊಂದು ಪೆಟ್ಟಿಗೆಗೆ ಒಂದೊಂದು ಆಂಪ್ಲಿಟ್ಯೂಡ್ ಸಿಗುತ್ತದೆ, ಅಂದರೆ ಅದನ್ನು ಎಷ್ಟು ಗಟ್ಟಿಯಾಗಿ ಮುಟ್ಟಿತು ಅನ್ನುವ ಸಂಖ್ಯೆ, ಅದು ಪ್ಲಸ್ಸೂ ಇರಬಹುದು ಮೈನಸ್ಸೂ ಇರಬಹುದು. ಅವುಗಳ ವರ್ಗಗಳನ್ನೆಲ್ಲ ಕೂಡಿದರೆ 1 ಬರಬೇಕು, ಅದಕ್ಕಿಂತ ಜಾಸ್ತಿ ಯಾರಿಗೂ ಸಿಗುವುದಿಲ್ಲ. 100 ಪ್ರಶ್ನೆಗೆ ಒಟ್ಟು ಖಜಾನೆ 100. ಇದನ್ನು 10 ಲಕ್ಷ ಪೆಟ್ಟಿಗೆಗಳಿಗೆ ಹಂಚಬೇಕು. ಹೇಗೇ ಹಂಚಿ, ಯಾವುದಾದರೂ ಒಂದು ಪೆಟ್ಟಿಗೆಯ ಪಾಲಿಗೆ ಬರುವುದು ಹೆಚ್ಚೆಂದರೆ 0.0001. ಎಲ್ಲರೂ ಸರಾಸರಿಗಿಂತ ಹೆಚ್ಚು ಪಡೆಯಲು ಆಗುವುದಿಲ್ಲ ಅಲ್ವಾ? ಆ ಬಡಪಾಯಿ ಪೆಟ್ಟಿಗೆಯೊಳಗೇ ಗುರುತು ಇಡುತ್ತೇವೆ.

ಈಗ ಖಾಲಿ ಸಾಲಿನ ಓಟವನ್ನೂ ಗುರುತಿರುವ ಸಾಲಿನ ಓಟವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಪ್ರಶ್ನೆಯಿಂದ ಇವೆರಡರ ನಡುವೆ ಹುಟ್ಟುವ ಹೊಸ ವ್ಯತ್ಯಾಸ ಇಷ್ಟೇ: ಆ ಒಂದು ಪೆಟ್ಟಿಗೆಯ ಆಂಪ್ಲಿಟ್ಯೂಡ್ ಚಿಹ್ನೆ ಬದಲಾಗುತ್ತದೆ, ಪ್ಲಸ್ ಇದ್ದದ್ದು ಮೈನಸ್. ಅಂದರೆ ಖಾಲಿ ಓಟದಲ್ಲಿ ಆ ಪೆಟ್ಟಿಗೆಗೆ ಇದ್ದ ಆಂಪ್ಲಿಟ್ಯೂಡಿನ ಎರಡರಷ್ಟು. ಪ್ರಶ್ನೆಗಳ ಮಧ್ಯೆ ಅಲ್ಗಾರಿದಂ ಏನೇ ಸರ್ಕಸ್ ಮಾಡಿದರೂ ಅದು ಎರಡೂ ಓಟಗಳಿಗೆ ಒಂದೇ, ಮತ್ತು ಕ್ವಾಂಟಂ ನಿಯಮದ ಪ್ರಕಾರ ಅದು ಬರೀ ಒಂದು ತಿರುಗುವಿಕೆ. ಎರಡು ಬಾಣಗಳನ್ನು ಒಟ್ಟಿಗೆ ತಿರುಗಿಸಿದರೆ ಅವುಗಳ ನಡುವಿನ ಅಂತರ ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ಪುಟ್ಟ ವ್ಯತ್ಯಾಸವನ್ನು ಊದಿ ದೊಡ್ಡದು ಮಾಡುವ ದಾರಿಯೇ ಇಲ್ಲ. ನನ್ನ ಪ್ರಕಾರ ಇಡೀ ಪ್ರೂಫಿನ ಜೀವ ಇರುವುದು ಇಲ್ಲೇ.

ಇನ್ನು ಸುಮ್ನೆ ಕೂಡೋದು. 0.0001ನ್ನು 100 ಪ್ರಶ್ನೆಗಳಿಗೆ ಸಮನಾಗಿ ಹಂಚಿದರೆ ತಲಾ 0.000001, ಅದರ ವರ್ಗಮೂಲ 0.001, ಎರಡರಷ್ಟು ಅಂದರೆ 0.002, ನೂರು ಸಲ ಕೂಡಿದರೆ 0.2. ಸಮನಾಗಿ ಹಂಚುವುದೇ ಅಲ್ಗಾರಿದಂಗೆ ಅತಿ ಲಾಭದ್ದು, ಇದನ್ನು ಕೋಶಿ-ಶ್ವಾರ್ಟ್ಸ್ ಅಸಮತೆ ಹೇಳುತ್ತದೆ. ಎರಡು ಸ್ಥಿತಿಗಳ ಅಂತರ 0.2 ಮೀರದಿದ್ದರೆ, 'ಗುರುತಿದೆ' ಅಂತ ಹೇಳುವ ಸಂಭವವೂ ಅವೆರಡರಲ್ಲಿ 0.2ಕ್ಕಿಂತ ಹೆಚ್ಚು ಬೇರೆಯಾಗದು. ಅಂದರೆ ಅದರ ಉತ್ತರದ ಮೇಲೆ ಭರವಸೆ ಇಡಲು ಆಗುವುದಿಲ್ಲ. ಸಾಮಾನ್ಯವಾಗಿ ಹೇಳುವುದಾದರೆ, ಅಂತರ ಪ್ರಶ್ನೆಗಳ ಸಂಖ್ಯೆಯ ಎರಡರಷ್ಟನ್ನು ಪೆಟ್ಟಿಗೆ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟೇ. ಅದು ಕಣ್ಣಿಗೆ ಕಾಣುವಷ್ಟಾಗಬೇಕಾದರೆ ಪ್ರಶ್ನೆಗಳೂ ವರ್ಗಮೂಲದ ಹತ್ತಿರ ಹೋಗಲೇಬೇಕು.

ವರ್ಗಮೂಲ ಎಲ್ಲಿಂದ ನುಸುಳಿತು ನೋಡಿದಿರಾ? ಹಂಚುವಾಗ ಲೆಕ್ಕ ವರ್ಗದಲ್ಲಿ, ಕೂಡುವಾಗ ಆಂಪ್ಲಿಟ್ಯೂಡ್‌ನಲ್ಲಿ. ಕ್ವಾಂಟಂ ಕಂಪ್ಯೂಟರಿಗೆ ಇಲ್ಲಿ ಸಿಗುವ ಲಾಭವೆಲ್ಲ ಈ ಒಂದು ಸಂದಿಯಿಂದಲೇ.

ನಂಬಿಕೆ ಬರಲಿಲ್ಲ ಅಂದರೆ ನಾಲ್ಕೇ ಪೆಟ್ಟಿಗೆ ಇಟ್ಟು ಕೈಯಲ್ಲೇ ಮಾಡಿ ನೋಡಿ, ಪೆನ್ನು ಪೇಪರ್ ಸಾಕು. ಶುರುವಿನಲ್ಲಿ ನಾಲ್ಕಕ್ಕೂ 1/2. ಒಂದು ಪ್ರಶ್ನೆ ಆದಮೇಲೆ ಗುರುತಿರುವುದು ಮೈನಸ್ 1/2. ಈಗ ಸರಾಸರಿ 1/4. ಗ್ರೋವರ್ ಮಾಡುವುದೇನೆಂದರೆ ಪ್ರತಿಯೊಂದನ್ನೂ ಸರಾಸರಿಯ ಆಚೆ ಬದಿಗೆ ಮಗುಚುತ್ತದೆ: 1/2 ಇದ್ದದ್ದು 0, ಮೈನಸ್ 1/2 ಇದ್ದದ್ದು ನೇರ 1. ಒಂದೇ ಪ್ರಶ್ನೆಯಲ್ಲಿ ನೂರಕ್ಕೆ ನೂರು ಉತ್ತರ! ಖಾಲಿ ಸಾಲಿನಲ್ಲಾದರೆ ನಾಲ್ಕೂ 1/2 ಆಗಿಯೇ ಉಳಿಯುತ್ತವೆ. ಎರಡರ ಅಂತರ ಲೆಕ್ಕ ಹಾಕಿ: ನಾಲ್ಕೂ ಪೆಟ್ಟಿಗೆಯಲ್ಲಿ ವ್ಯತ್ಯಾಸ 1/2, ಅವುಗಳ ವರ್ಗ ಕೂಡಿ ವರ್ಗಮೂಲ ತೆಗೆದರೆ ಸರಿಯಾಗಿ 1. ಮೇಲಿನ ಸೂತ್ರ ಏನು ಹೇಳುತ್ತದೆ? ಎರಡು ಭಾಗಿಸು ಎರಡು, ಅಂದರೆ 1. ಮಿತಿಗೆ ಕೂದಲೆಳೆಯ ಜಾಗವನ್ನೂ ಬಿಡದೆ ಹೋಗಿ ತಾಗಿದೆ. ಇದನ್ನು ಮೊದಲ ಸಲ ಬರೆದು ನೋಡಿದಾಗ ನನಗೆ ಖುಷಿಯೋ ಖುಷಿ.

ತಮಾಷೆ ಅಂದರೆ ಇತಿಹಾಸ ಉಲ್ಟಾ. ಈ ವಾದ ಬೆನೆಟ್, ಬರ್ನ್‌ಸ್ಟೈನ್, ಬ್ರಸಾರ್ಡ್ ಮತ್ತು ವಜಿರಾನಿ ಅವರದು, ಪತ್ರಿಕೆಯಲ್ಲಿ ಅಚ್ಚಾದದ್ದು 1997ರಲ್ಲಿ. ಆದರೆ ಪ್ರೂಫ್ ಸಿದ್ಧವಾದದ್ದು ಬೆಲ್ ಲ್ಯಾಬ್ಸ್‌ನ ಲವ್ ಗ್ರೋವರ್ 1996ರಲ್ಲಿ ತಮ್ಮ ಅಲ್ಗಾರಿದಂ ತರುವ ಮೊದಲೇ. ಗೋಡೆ ಮೊದಲು ಎದ್ದಿತು, ಓಡಿ ಬಂದು ಅದನ್ನು ಮುಟ್ಟುವವರು ಆಮೇಲೆ ಬಂದರು. 1999ರಲ್ಲಿ ಜಾಲ್ಕಾ ಇನ್ನೂ ಬಿಗಿ ಮಾಡಿದರು: ವರ್ಗಮೂಲ ಮಾತ್ರವಲ್ಲ, ಅದರ ಮುಂದಿನ ಪೈ ಭಾಗಿಸು ನಾಲ್ಕು ಅನ್ನುವ ಅಂಶವನ್ನೂ ಇಳಿಸಲು ಆಗುವುದಿಲ್ಲ. 10 ಲಕ್ಷಕ್ಕೆ ಸುಮಾರು 785 ಪ್ರಶ್ನೆ, ಅಷ್ಟೇ.

ಇಂಥ ಮಿತಿ ಸಾಬೀತು ಮಾಡಲು ಬೇರೆ ದಾರಿಗಳೂ ಇವೆ, ಬಹುಪದಿಗಳ ದಾರಿ, ಆಂಬೈನಿಸ್ ಅವರ ಎದುರಾಳಿ ವಿಧಾನ. ಹುಡುಕಾಟಕ್ಕೆ ಅವು ಬೇಕಿಲ್ಲ ಅಂತ ನನ್ನ ಅನಿಸಿಕೆ. ಆದರೆ ಬಹುಪದಿಯಿಂದ ಒಂದು ಕಣ್ಣು ತೆರೆಸುವ ಫಲಿತಾಂಶ ಬರುತ್ತದೆ: ಗುರುತುಗಳ ಸಂಖ್ಯೆ ಸಮವೋ ಬೆಸವೋ ಅಂತ ಹೇಳಲು ಕ್ವಾಂಟಂ ಕಂಪ್ಯೂಟರಿಗೂ ಪೆಟ್ಟಿಗೆಗಳ ಅರ್ಧದಷ್ಟು ಪ್ರಶ್ನೆ ಬೇಕೇ ಬೇಕು. ವರ್ಗಮೂಲದ ಲಾಭವೂ ಇಲ್ಲ.

ಒಂದು ಎಚ್ಚರಿಕೆ, ಇದನ್ನು ಜನ ಪದೇ ಪದೇ ತಪ್ಪಾಗಿ ಹೇಳುತ್ತಾರೆ. ಮೇಲಿನದ್ದೆಲ್ಲ ಪೆಟ್ಟಿಗೆ ಪೂರ್ತಿ ಮುಚ್ಚಿದ್ದಾಗ ಮಾತ್ರ, ಅಂದರೆ ಕೇಳುವುದು ಬಿಟ್ಟು ಬೇರೆ ಸುಳಿವೇ ಇಲ್ಲದಿದ್ದಾಗ. ಸಮಸ್ಯೆಗೆ ಒಳಗೊಂದು ರಚನೆ ಇದ್ದರೆ ಲೆಕ್ಕವೇ ಬೇರೆ. ಶೋರ್ ಅಲ್ಗಾರಿದಂ ದೊಡ್ಡ ಸಂಖ್ಯೆಗಳನ್ನು ಒಡೆಯುವುದು ಅಂಥ ರಚನೆ ಹಿಡಿದೇ. ಹಾಗಾಗಿ 'ಕ್ವಾಂಟಂ ಕಂಪ್ಯೂಟರಿಂದ ಎನ್‌ಪಿ ಸಮಸ್ಯೆಗಳು (ಉತ್ತರ ಕೊಟ್ಟರೆ ಸರಿಯೇ ಅಂತ ಬೇಗ ಪರೀಕ್ಷಿಸಬಹುದಾದ ಸಮಸ್ಯೆಗಳು) ಬೇಗ ಬಗೆಹರಿಯುವುದಿಲ್ಲ ಅಂತ ಸಾಬೀತಾಗಿದೆ' ಅಂತ ಯಾರಾದರೂ ಬರೆದರೆ ಅದು ಸುಳ್ಳು. ಕಣ್ಣು ಮುಚ್ಚಿ ಹುಡುಕಿದರೆ ಆಗುವುದಿಲ್ಲ ಅಂತ ಮಾತ್ರ ಸಾಬೀತಾಗಿದೆ.

ಈಗ ನಿಮ್ಮ ನೂರು ಮೆಷಿನ್. 10 ಲಕ್ಷವನ್ನು ನೂರು ಭಾಗ ಮಾಡಿ, ತಲಾ 10,000 ಪೆಟ್ಟಿಗೆ. ಒಬ್ಬೊಬ್ಬರಿಗೆ ಸುಮಾರು 78 ಪ್ರಶ್ನೆ. 785 ಇದ್ದದ್ದು 78, ನೂರು ಮೆಷಿನ್ ಹಾಕಿ ಗಳಿಸಿದ್ದು ಬರೀ ಹತ್ತು ಪಟ್ಟು. ಮಾಮೂಲಿ ಕಂಪ್ಯೂಟರ್‌ಗಳಾದರೆ ಪೂರ್ತಿ ನೂರು ಪಟ್ಟು ಸಿಗುತ್ತಿತ್ತು. ಇದಕ್ಕಿಂತ ಜಾಣತನದಿಂದ ಕೆಲಸ ಹಂಚಲು ಆಗುವುದಿಲ್ಲ ಅನ್ನುವುದೂ ಜಾಲ್ಕಾ ಅವರದೇ ಫಲಿತಾಂಶ. ಎಇಎಸ್-128 ಅನ್ನುವ ಗೂಢಲಿಪಿ ವಿಧಾನದ ಕೀ ಹುಡುಕುವುದಕ್ಕೆ ಇದನ್ನು ಹಚ್ಚಿ ನೋಡಿ. ಕೀಗಳು 2ರ 128ನೇ ಘಾತದಷ್ಟು, ಅದರ ವರ್ಗಮೂಲ 2ರ 64ನೇ ಘಾತ, ಅದಕ್ಕೆ ಪೈ ಭಾಗಿಸು ನಾಲ್ಕರಿಂದ ಗುಣಿಸಿದಷ್ಟು ಪ್ರಶ್ನೆ. ಒಂದರ ಹಿಂದೆ ಒಂದರಂತೆ ಸೆಕೆಂಡಿಗೆ 100 ಕೋಟಿ ಹೆಜ್ಜೆ ಹಾಕುವ ಕ್ವಾಂಟಂ ಮೆಷಿನ್ ಇದೆ ಅಂತ ಧಾರಾಳವಾಗಿ ಒಪ್ಪಿಕೊಂಡರೂ 450 ವರ್ಷ ದಾಟುತ್ತದೆ. ಅದನ್ನು ಒಂದು ವರ್ಷಕ್ಕೆ ಇಳಿಸಬೇಕೆಂದರೆ, ಲಾಭ ಮೆಷಿನ್ ಸಂಖ್ಯೆಯ ವರ್ಗಮೂಲದಷ್ಟೇ ಆದ್ದರಿಂದ, ಅಂಥ ಮೆಷಿನ್‌ಗಳು 2 ಲಕ್ಷಕ್ಕೂ ಜಾಸ್ತಿ ಬೇಕು.